ಎರಡು ದೇಶಗಳ ಸಾಗುವಳಿ ಭೂಮಿಯನ್ನು ಹೋಲಿಸುವ ಕ್ರಮ

ಗಂಗಾವತಿ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಒಂದು ಎಕರೆ ಗದ್ದೆಯಲ್ಲಿ ಮುಂಗಾರಿಗೊಮ್ಮೆ, ಬೇಸಿಗೆಗೊಮ್ಮೆ ಭತ್ತ ನಾಟಿಯಾದರೆ ಅದನ್ನು ಒಂದು ಎಕರೆ ಎಂದು ಬರೆಯಬೇಕೋ, ಎರಡು ಎಕರೆ ಎಂದು ಬರೆಯಬೇಕೋ? ಎರಡು ದೇಶಗಳ ಸಾಗುವಳಿ ಭೂಮಿಯನ್ನು ದಶಕಗಳ ಉದ್ದಕ್ಕೂ ಹೋಲಿಸಲು ಕೂರುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದೇ. ನಿವ್ವಳ ಬಿತ್ತನೆ ಕ್ಷೇತ್ರದ ಲೆಕ್ಕದಲ್ಲಿ ಆ ಗದ್ದೆ ಒಂದೇ ಎಕರೆ, ಒಟ್ಟು ಬಿತ್ತನೆ ಕ್ಷೇತ್ರದ ಲೆಕ್ಕದಲ್ಲಿ ಎರಡು. ಭಾರತದ ನಿವ್ವಳ ಕ್ಷೇತ್ರ ಸುಮಾರು 14 ಕೋಟಿ ಹೆಕ್ಟೇರ್. ಒಟ್ಟು ಕ್ಷೇತ್ರ 20 ಕೋಟಿ ದಾಟುತ್ತದೆ. ಒಂದು ದೇಶದ ನಿವ್ವಳವನ್ನು ಇನ್ನೊಂದರ ಒಟ್ಟಿನ ಪಕ್ಕದಲ್ಲಿಟ್ಟರೆ ಹೋಲಿಕೆ ಅಲ್ಲಿಗೇ ಕೆಡುತ್ತದೆ.

ಹೀಗಾಗಿ ಎರಡೂ ದೇಶಗಳ ಅಂಕಿಗಳನ್ನು ಒಂದೇ ಮೂಲದಿಂದ ತೆಗೆದುಕೊಳ್ಳುವುದು ಒಳ್ಳೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಭೂಬಳಕೆ ಅಂಕಿಗಳು 1961ರಿಂದ ಉಚಿತವಾಗಿ ದೊರೆಯುತ್ತವೆ. ಅಲ್ಲಿ ಸಾಗುವಳಿ ಭೂಮಿ ಎಂದರೆ ವಾರ್ಷಿಕ ಬೆಳೆಗಳ ನೆಲ ಮತ್ತು ಬಹುವಾರ್ಷಿಕ ಬೆಳೆಗಳ ತೋಟ, ಇವೆರಡೂ ಸೇರಿದ ಮೊತ್ತ. ಎರಡು ಬೆಳೆ ತೆಗೆದ ಗದ್ದೆಯನ್ನು ಒಮ್ಮೆ ಮಾತ್ರ ಎಣಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಬಿತ್ತದೆ ಬಿಟ್ಟ ರಾಯಚೂರಿನ ಎರಿ ಹೊಲವೂ, ಬೀಳು ಐದು ವರ್ಷ ಮೀರದಿದ್ದರೆ, ಈ ಲೆಕ್ಕದೊಳಗೇ ಇರುತ್ತದೆ. ಕುಷ್ಟಗಿಯ ದಾಳಿಂಬೆ ತೋಟ ಎರಡನೆಯ ಭಾಗಕ್ಕೆ ಸೇರುತ್ತದೆ.

ಅದೇ ಪಟ್ಟಿಯಲ್ಲಿ ‘ಕೃಷಿ ಭೂಮಿ’ ಎಂಬ ಇನ್ನೊಂದು ಸಾಲಿರುತ್ತದೆ, ಮತ್ತು ಹೆಚ್ಚಿನವರು ಎಡವುವುದು ಅಲ್ಲಿಯೇ. ಆ ಸಾಲಿನಲ್ಲಿ ಶಾಶ್ವತ ಹುಲ್ಲುಗಾವಲೂ ಸೇರಿರುವುದರಿಂದ ಚೀನಾದ ಅಂಕಿ 50 ಕೋಟಿ ಹೆಕ್ಟೇರ್ ಮೀರುತ್ತದೆ; ಅದನ್ನು ಕಂಡವರು ಭಾರತಕ್ಕಿಂತ ಚೀನಾದಲ್ಲೇ ಉಳುವ ನೆಲ ಹೆಚ್ಚೆಂದು ತಿಳಿಯುತ್ತಾರೆ, ಆದರೆ ನಿಜಸ್ಥಿತಿ ಅದಕ್ಕೆ ವಿರುದ್ಧವಾಗಿದೆ. ಅಂಕಿಗಳು ಸಾವಿರ ಹೆಕ್ಟೇರ್‌ಗಳಲ್ಲಿ ಇರುತ್ತವೆ ಎಂಬುದನ್ನೂ ಗಮನಿಸಬೇಕು: 1,60,000 ಎಂದಿದ್ದರೆ 16 ಕೋಟಿ ಹೆಕ್ಟೇರ್.

ನಂತರ ಎರಡೂ ದೇಶಗಳ ಗೆರೆಗಳನ್ನು ಎಳೆದು, ಯಾವುದಾದರೂ ವರ್ಷ ಗೆರೆ ದಿಢೀರನೆ ಏರಿದೆಯೇ, ಕುಸಿದಿದೆಯೇ ಎಂದು ನೋಡಬೇಕು. ನೆಲ ಒಂದೇ ವರ್ಷದಲ್ಲಿ ಹಾಗೆ ಬೆಳೆಯುವುದಿಲ್ಲ, ಬದಲಾಗುವುದು ಎಣಿಕೆ. ಚೀನಾದ ಹಳೆಯ ಅಧಿಕೃತ ಅಂಕಿ ಸುಮಾರು 9.5 ಕೋಟಿ ಹೆಕ್ಟೇರ್ ಎಂದಿತ್ತು; 1996ರ ಸಮೀಕ್ಷೆಯ ಬಳಿಕ ಅದು ಸುಮಾರು 13 ಕೋಟಿಯಾಯಿತು, ಏಕೆಂದರೆ ಅಲ್ಲಿಯವರೆಗೆ ಲೆಕ್ಕಕ್ಕೆ ಬಾರದೆ ಉಳಿದಿದ್ದ ನೆಲ ಆಗ ಲೆಕ್ಕಕ್ಕೆ ಬಂದಿತು. ಹಳೆಯ ಪುಸ್ತಕದ ಅಂಕಿಯನ್ನು ಹೊಸ ಪಟ್ಟಿಗೆ ಜೋಡಿಸಬಾರದು ಎನ್ನುವುದು ಇದೇ ಕಾರಣಕ್ಕೆ. ಗಡಿ ಬದಲಾದ ದೇಶಗಳಲ್ಲೂ ಇದೇ ಎಚ್ಚರ ಬೇಕು: ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದದ್ದರಿಂದ ರಷ್ಯಾದ ಪ್ರತ್ಯೇಕ ಅಂಕಿಗಳು 1992ರಿಂದ ಆರಂಭವಾಗುತ್ತವೆ.

ದೇಶಗಳ ಗಾತ್ರ ಬೇರೆ ಬೇರೆಯಾದ್ದರಿಂದ ಬರೀ ಹೆಕ್ಟೇರ್ ಸಾಲದು. 1961ರ ಅಂಕಿಯನ್ನು ಎರಡೂ ಕಡೆ 100 ಎಂದು ಹಿಡಿದರೆ ಏರಿಳಿತ ಸ್ಪಷ್ಟವಾಗುತ್ತದೆ. ಆದರೆ ತಲಾ ಲೆಕ್ಕವೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನುಭವ. 1961ರಲ್ಲಿ ಸುಮಾರು 16 ಕೋಟಿ ಹೆಕ್ಟೇರ್ ಸಾಗುವಳಿ ಭೂಮಿಯನ್ನು 43.9 ಕೋಟಿ ಭಾರತೀಯರಿಗೆ ಹಂಚಿದರೆ ತಲಾ 36 ಗುಂಟೆ ಬರುತ್ತಿತ್ತು; ಈಗ ಸುಮಾರು 17 ಕೋಟಿ ಹೆಕ್ಟೇರ್ ಇದ್ದರೂ ತಲಾ ಸಿಗುವುದು 12 ಗುಂಟೆ. ಚೀನಾದಲ್ಲಿ ಅದು 10 ಗುಂಟೆಯ ಒಳಗೇ ಇದೆ. ಹೆಕ್ಟೇರನ್ನು 2.47ರಿಂದ ಗುಣಿಸಿದರೆ ಎಕರೆ, ಅದನ್ನು 40ರಿಂದ ಗುಣಿಸಿದರೆ ಗುಂಟೆ. ಪಹಣಿ ಓದಿ ರೂಢಿಯಿದ್ದವರಿಗೆ ಈ ಅಳತೆ ಕೂಡಲೇ ಮನಸ್ಸಿಗೆ ಹತ್ತುತ್ತದೆ.

ಇಷ್ಟು ಮಾಡಿದ ಮೇಲೂ ಗಂಗಾವತಿಯ ಆ ಗದ್ದೆಯ ಎರಡನೇ ಬೆಳೆ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಒಟ್ಟು ಕ್ಷೇತ್ರವನ್ನು ನಿವ್ವಳ ಕ್ಷೇತ್ರದಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವ ಬೆಳೆ ಸಾಂದ್ರತೆ ಭಾರತದಲ್ಲಿ 1950-51ರಲ್ಲಿ ಸುಮಾರು 111 ಇತ್ತು, ಈಗ 140 ಮೀರಿದೆ. ಈ ಗೆರೆಯನ್ನು ಪ್ರತ್ಯೇಕ ಹಾಳೆಯಲ್ಲಿ ಎಳೆದು, ಮೊದಲ ಚಿತ್ರದ ಕೆಳಗೇ ಇಟ್ಟು ಓದಬೇಕು.