ನಾಮಪದದ ಬಾಲಂಗೋಚಿ

ಕವಿಯೊಬ್ಬರ ಕುರಿತ ಪುಸ್ತಕದ ಬೆನ್ನುಡಿಯನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದೆ. ‘ಕವಿಯ ಬದುಕಿನ ಮೇಲೆ ಬೆಳಕು ಚೆಲ್ಲುವ ಒಂದು ಪ್ರಯತ್ನ’ ಎಂಬ ಸಾಲು ಬಂತು. ಬೆಳಕು ಚೆಲ್ಲುವುದೆಲ್ಲ ಸವಕಲು ಮಾತು ಅನ್ನಿಸಿ, ಮೊಟಕುಗೊಳಿಸಿ ‘ಆ್ಯನ್ ಅಟೆಂಪ್ಟ್ ಆನ್ ದ ಪೊಯೆಟ್ಸ್ ಲೈಫ್’ ಎಂದು ಬರೆದು ಕಳಿಸಿಬಿಟ್ಟೆ. ಮಾರನೇ ದಿನ ಸಂಪಾದಕರಿಂದ ಒಂದೇ ಸಾಲಿನ ಉತ್ತರ: ‘ಕವಿಯನ್ನು ಕೊಲ್ಲಲು ಹೋದವರು ಯಾರು?’

‘ಅಟೆಂಪ್ಟ್ ಆನ್ ಸಮ್‌ಒನ್ಸ್ ಲೈಫ್’ ಅಂದರೆ ಕೊಲೆಯತ್ನ. ‘ಅಟೆಂಪ್ಟ್ ಟು’ ಅಂದರೆ ಏನನ್ನಾದರೂ ಮಾಡುವ ಪ್ರಯತ್ನ. ‘ಅಟೆಂಪ್ಟ್ ಆ್ಯಟ್ ಹ್ಯೂಮರ್’ ಅಂದರೆ ಹಾಸ್ಯ ಮಾಡಲು ಹೋಗಿದ್ದಾರೆ, ಬಹುಶಃ ನಗು ಬಂದಿಲ್ಲ. ನಾಮಪದ ಒಂದೇ, ಹಿಂದೆ ಅಂಟಿದ ಎರಡಕ್ಷರ ಬೇರೆ. ನನ್ನ ಹಳೆಯ ಕಡತಗಳನ್ನು ತೆರೆದು ನೋಡಿದೆ. ಟೆನ್ಸ್ ತಪ್ಪಿದ್ದು ಕಡಿಮೆ. ಕೆಂಪು ಗೆರೆ ಬಿದ್ದದ್ದೆಲ್ಲ ಹೆಚ್ಚುಕಡಿಮೆ ನಾಮಪದದ ಬೆನ್ನಿಗೆ: ಟು, ಆಫ್, ಫಾರ್, ಇನ್. ಅಲ್ಲಿಂದ ಈ ತುಣುಕುಗಳನ್ನು ನಾನು ಬಾಲಂಗೋಚಿ ಎಂದೇ ಕರೆಯುತ್ತೇನೆ. ಬಾಲಂಗೋಚಿ ಸರಿಯಿಲ್ಲದ ಗಾಳಿಪಟ ಹಾರುವುದಿಲ್ಲ ಅಂತಲ್ಲ, ಗಿರಕಿ ಹೊಡೆಯುತ್ತದೆ.

ತಪ್ಪಿನ ಬೇರು ನನ್ನ ಕನ್ನಡದಲ್ಲೇ ಇತ್ತು. ಹೋಗುವ ನಿರ್ಧಾರ, ಹೋಗುವ ಭಯ, ಹೋಗುವ ಆಸಕ್ತಿ, ಹೋಗುವ ಅಭ್ಯಾಸ. ನಮಗೆ ಒಂದೇ ‘ಹೋಗುವ’ ಸಾಕು, ಅದು ಯಾವ ನಾಮಪದದ ಮುಂದೆ ಬೇಕಾದರೂ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ನಾಮಪದ ಮುಂದೆ ಹೋಗುತ್ತದೆ, ಉಳಿದದ್ದು ಹಿಂದೆ ಬರುತ್ತದೆ. ಹೇಗೆ ಬರಬೇಕೆಂದು ನಾಮಪದವೇ ಅಪ್ಪಣೆ ಕೊಡುತ್ತದೆ. ಡಿಸಿಷನ್ ಟು ಗೋ. ಫಿಯರ್ ಆಫ್ ಗೋಯಿಂಗ್. ಇಂಟರೆಸ್ಟ್ ಇನ್ ಗೋಯಿಂಗ್. ಹ್ಯಾಬಿಟ್ ಆಫ್ ಗೋಯಿಂಗ್. ‘ಹ್ಯಾಬಿಟ್ ಟು ಗೋ’ ಎಂದು ಎಷ್ಟು ವರ್ಷ ಬರೆದಿದ್ದೆನೋ!

ಮೊದಲು ಎಲ್ಲರಂತೆ ಪಟ್ಟಿ ಮಾಡಿ ಉರು ಹೊಡೆದೆ. ಮೂರು ದಿನಕ್ಕೆ ಮರೆತೆ. ಆಮೇಲೆ ಕಣ್ಣಿಗೆ ಬಿದ್ದದ್ದು ಮನೆತನ. ಯಾವ ಕ್ರಿಯಾಪದ ‘ಟು’ ಬಯಸುತ್ತದೋ ಅದರಿಂದ ಹುಟ್ಟಿದ ನಾಮಪದವೂ ಸಾಮಾನ್ಯವಾಗಿ ‘ಟು’ ಬಯಸುತ್ತದೆ. ಡಿಸೈಡ್ ಟು, ಡಿಸಿಷನ್ ಟು. ರೆಫ್ಯೂಸ್ ಟು, ರೆಫ್ಯೂಸಲ್ ಟು. ಫೇಲ್ ಟು, ಫೇಲ್ಯೂರ್ ಟು. ಗುಣವಾಚಕಗಳೂ ಹಾಗೇ: ಏಬಲ್ ಟು, ಅಬಿಲಿಟಿ ಟು, ವಿಲ್ಲಿಂಗ್ ಟು, ವಿಲ್ಲಿಂಗ್‌ನೆಸ್ ಟು. ಹೀಗೆ ದೊಡ್ಡದೊಂದು ಬಳಗ ಒಂದೇ ಏಟಿಗೆ ಕೈಗೆ ಸಿಕ್ಕಿತು.

ಮನೆ ಬಿಟ್ಟು ಓಡಿದ ಮಕ್ಕಳೂ ಇದ್ದಾರೆ, ಅವರನ್ನು ಬೇರೆಯಾಗಿ ಬರೆದಿಟ್ಟುಕೊಂಡೆ. ‘ಪ್ರಿಫರ್ ಟು ವಾಕ್’ ಸರಿ, ಆದರೆ ‘ಪ್ರಿಫರೆನ್ಸ್ ಫಾರ್ ವಾಕಿಂಗ್’. ‘ಐ ಹೋಪ್ ಟು ಮೀಟ್ ಹರ್’ ಸರಿ, ಆದರೆ ‘ಇನ್ ದ ಹೋಪ್ ಆಫ್ ಮೀಟಿಂಗ್ ಹರ್’. ‘ಪಾಸಿಬಲ್ ಟು’ ಇದ್ದರೂ ‘ಪಾಸಿಬಿಲಿಟಿ ಆಫ್’.

ಇನ್ನು ‘ಡಿಸ್ಕಸ್ ಅಬೌಟ್’ ವಿಷಯ. ಅದು ತಪ್ಪು ಎಂದು ಶಾಲೆಯಿಂದ ಕೇಳುತ್ತಲೇ ಬಂದಿದ್ದೇನೆ, ಏಕೆ ತಪ್ಪು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ನಾಮಪದಗಳ ಬೆನ್ನು ಹತ್ತಿದ ಮೇಲೆ ತಾನಾಗಿ ತಿಳಿಯಿತು. ಕ್ರಿಯಾಪದಕ್ಕೆ ಕೈ ಇದೆ, ಕರ್ಮವನ್ನು ನೇರವಾಗಿ ಹಿಡಿಯುತ್ತದೆ: ವಿ ಡಿಸ್ಕಸ್ಡ್ ದ ಪ್ಲಾನ್. ಅದೇ ಮಾತು ನಾಮಪದವಾದ ಕೂಡಲೇ ಕೈ ಹೋಗುತ್ತದೆ, ಹಿಡಿಯಲು ಕೊಕ್ಕೆ ಬೇಕಾಗುತ್ತದೆ: ಎ ಡಿಸ್ಕಷನ್ ಅಬೌಟ್ ದ ಪ್ಲಾನ್. ನಾವು ಮಾಡುವುದೇನು? ನಾಮಪದದ ಕೊಕ್ಕೆಯನ್ನು ತಂದು, ಕೈಯಿರುವ ಕ್ರಿಯಾಪದಕ್ಕೂ ಸಿಗಿಸುತ್ತೇವೆ. ‘ಎಂಫಸೈಸ್ ಆನ್’ ಬಂದದ್ದು ‘ಎಂಫಸಿಸ್ ಆನ್’ ಇಂದ. ‘ರಿಕ್ವೆಸ್ಟ್ ಫಾರ್ ಲೀವ್’ ನಾಮಪದವಾಗಿ ಸರಿ. ‘ಐ ರಿಕ್ವೆಸ್ಟೆಡ್ ಫಾರ್ ಲೀವ್’ ಎಂದು ಬರೆದರೆ ಕೆಂಪು ಗೆರೆ. ಅಲ್ಲಿ ‘ಐ ರಿಕ್ವೆಸ್ಟೆಡ್ ಲೀವ್’ ಸಾಕು. ರೂಪ ಬದಲಾಗದ ಪದಗಳಲ್ಲಂತೂ ಮೋಸ ಹೋಗುವುದು ಸುಲಭ. ದೇ ಲ್ಯಾಕ್ ವಾಟರ್. ಎ ಲ್ಯಾಕ್ ಆಫ್ ವಾಟರ್. ದೇ ಡಿಮ್ಯಾಂಡೆಡ್ ಎ ರೀಫಂಡ್. ದೇರ್ ಡಿಮ್ಯಾಂಡ್ ಫಾರ್ ಎ ರೀಫಂಡ್. ಇಟ್ ಇನ್‌ಫ್ಲುಯೆನ್ಸಸ್ ಅಸ್. ಇಟ್ಸ್ ಇನ್‌ಫ್ಲುಯೆನ್ಸ್ ಆನ್ ಅಸ್. ಅನುಮಾನ ಬಂದಾಗ ನಾನು ಪದದ ಮುಂದೆ ‘ಎ’ ಅಥವಾ ‘ದ’ ಇದೆಯೇ, ಇಡಬಹುದೇ ಎಂದು ನೋಡುತ್ತೇನೆ. ಇಡಬಹುದಾದರೆ ಅದು ನಾಮಪದ, ಕೊಕ್ಕೆ ಬೇಕು. ಈ ಒಂದು ಉಪಾಯ ಉಳಿಸಿದಷ್ಟು ಕೆಂಪು ಗೆರೆಗಳನ್ನು ನನಗೆ ಬೇರಾವುದೂ ಉಳಿಸಿಲ್ಲ.

ಎರಡು ಬಾಲಂಗೋಚಿ ಒಪ್ಪುವ ನಾಮಪದಗಳು ಬಂದಾಗ, ಅಚ್ಚರಿಯೆಂದರೆ, ಕನ್ನಡವೇ ಕೈ ಹಿಡಿಯಿತು. ‘ಚಾನ್ಸ್ ಟು ವಿನ್’ ಎಂದರೆ ಗೆಲ್ಲುವ ಅವಕಾಶ. ‘ಚಾನ್ಸ್ ಆಫ್ ವಿನ್ನಿಂಗ್’ ಎಂದರೆ ಗೆಲ್ಲುವ ಸಂಭವ. ಇಂಗ್ಲಿಷ್ ಬಾಲದಲ್ಲಿ ತೋರಿಸುವುದನ್ನು ನಾವು ಪದದಲ್ಲೇ ತೋರಿಸುತ್ತೇವೆ. ‘ರೀಸನ್ ಟು ಲೀವ್’ ಕೆಲಸ ಬಿಡೋದಕ್ಕೆ ಇರುವ ಕಾರಣ, ಇನ್ನೂ ಬಿಟ್ಟಿರಲಿಕ್ಕಿಲ್ಲ. ಅರ್ಜಿ ನಮೂನೆಗಳಲ್ಲಿ ಕೇಳುವ ‘ರೀಸನ್ ಫಾರ್ ಲೀವಿಂಗ್’ ಬಿಟ್ಟದ್ದಕ್ಕೆ ಕಾರಣ. ಅದೇ ‘ಕಾರಣ’ ‘ಕಾಸ್’ ಆದರೆ ಮತ್ತೆ ‘ಆಫ್’: ಕಾಸ್ ಆಫ್ ದ ಫೈರ್. ವರದಿಗಳಲ್ಲಿ ಬರುವ ‘ಇನ್‌ಕ್ರೀಸ್’ ಕೂಡ ಹೀಗೇ ಎರಡು ಬಾಲದ್ದು: ಏನು ಏರಿತು ಎನ್ನುವುದಕ್ಕೆ ‘ಇನ್’, ಎಷ್ಟು ಏರಿತು ಎನ್ನುವುದಕ್ಕೆ ‘ಆಫ್’. ಇನ್‌ಕ್ರೀಸ್ ಇನ್ ಪ್ರೈಸ್, ಇನ್‌ಕ್ರೀಸ್ ಆಫ್ 10 ಪರ್ಸೆಂಟ್. ‘ವೇ ಟು ಡೂ’, ‘ವೇ ಆಫ್ ಡೂಯಿಂಗ್’ ನಡುವೆ ಹೆಚ್ಚಿನ ಕಡೆ ವ್ಯತ್ಯಾಸವಿಲ್ಲ. ಅದಕ್ಕಾಗಿ ನಾನು ನಿದ್ದೆಗೆಟ್ಟದ್ದು ದಂಡ.

‘ಟು’ ಕೂಡ ಒಂದಲ್ಲ, ಎರಡು. ‘ಡಿಸಿಷನ್ ಟು ಗೋ’ದಲ್ಲಿರುವುದು ಇನ್ಫಿನಿಟಿವ್ ‘ಟು’, ಅಂದರೆ ಕ್ರಿಯಾಪದದ ಮೂಲರೂಪದ ಜೊತೆ ಬರುವ ‘ಟು’. ‘ಅಬ್ಜೆಕ್ಷನ್ ಟು ಗೋಯಿಂಗ್’, ‘ದ ಕೀ ಟು ಸಾಲ್ವಿಂಗ್ ಇಟ್’ ಇವುಗಳಲ್ಲಿರುವುದು ಪ್ರಿಪೊಸಿಷನ್, ‘ಆಫ್’, ‘ಇನ್’ಗಳ ಜಾತಿಯದು. ಬೇರ್ಪಡಿಸುವುದು ಹೇಗೆ? ಹಿಂದೆ ಒಂದು ವಸ್ತುವನ್ನು ಇಟ್ಟು ನೋಡುತ್ತೇನೆ. ‘ಅಬ್ಜೆಕ್ಷನ್ ಟು ದ ಪ್ಲಾನ್’ ನಡೆಯುತ್ತದೆ, ಹಾಗಾದರೆ ಕ್ರಿಯೆ ಬಂದಾಗ ‘ಇಂಗ್’ ಬೇಕು. ‘ಡಿಸಿಷನ್ ಟು ದ ಪ್ಲಾನ್’ ನಡೆಯುವುದಿಲ್ಲ, ಹಾಗಾದರೆ ಬರಿಯ ‘ಗೋ’.

ನನಗೆ ಬಹಳ ಇಷ್ಟವಾದ ಮೂಲೆ ಬೇರೆಯೇ ಇದೆ. ‘ಬರೆಯೋಕೆ ಏನಾದರೂ ಇದೆಯಾ?’ ಎಂದು ಕನ್ನಡದಲ್ಲಿ ಕೇಳಿದರೆ ಎದುರಿನವರು ಪೆನ್ನು ಕೊಡಬಹುದು, ಕಾಗದ ಕೊಡಬಹುದು, ‘ವಿಷಯ ಇಲ್ಲ ಮಾರಾಯ’ ಅನ್ನಲೂಬಹುದು. ಇಂಗ್ಲಿಷಿನಲ್ಲಿ ಬಾಲ ನೋಡಿದರೆ ಸಾಕು. ‘ಸಮ್‌ಥಿಂಗ್ ಟು ರೈಟ್ ವಿತ್’ ಪೆನ್ನು, ‘ಟು ರೈಟ್ ಆನ್’ ಕಾಗದ, ‘ಟು ರೈಟ್ ಅಬೌಟ್’ ವಿಷಯ. ನಾವು ‘ಕೂರೋಕೆ ಕುರ್ಚಿ’ ಅನ್ನುವಾಗ ‘ಮೇಲೆ’ ಎಂಬುದನ್ನು ನುಂಗಿಬಿಡುತ್ತೇವೆ, ಅದಕ್ಕೇ ‘ಎ ಚೇರ್ ಟು ಸಿಟ್’ ಎಂದು ಬರೆದು ಸಿಕ್ಕಿಬೀಳುತ್ತೇವೆ. ಪೂರ್ತಿ ವಾಕ್ಯ ಹೇಳಿಕೊಂಡರೆ ಉತ್ತರ ಅಲ್ಲೇ ಇರುತ್ತದೆ: ಐ ಸಿಟ್ ಆನ್ ದ ಚೇರ್. ಆ ‘ಆನ್’ ಎಲ್ಲಿಗೂ ಹೋಗಬಾರದು: ಎ ಚೇರ್ ಟು ಸಿಟ್ ಆನ್. ಪುಸ್ತಕವನ್ನು ನೇರವಾಗಿಯೇ ಓದುತ್ತೇವೆ, ಆದ್ದರಿಂದ ‘ಎ ಬುಕ್ ಟು ರೀಡ್’ಗೆ ಬಾಲ ಬೇಡ. ‘ಎ ಹೌಸ್ ಟು ಲಿವ್ ಇನ್’ ಅನ್ನುತ್ತಾರೆ, ‘ಎ ಪ್ಲೇಸ್ ಟು ಲಿವ್’ ಎಂದು ಮಾತ್ರ ಬೋಳಾಗಿ ಬಿಡುತ್ತಾರೆ. ‘ಪ್ಲೇಸ್’ಗೆ ಆ ಸಲಿಗೆ ಉಂಟು.

ನಿಘಂಟನ್ನು ನಾನು ವರ್ಷಗಟ್ಟಲೆ ತಪ್ಪಾಗಿ ಬಳಸಿದ್ದೆ. ಅರ್ಥ ನೋಡಿ ಮುಚ್ಚುತ್ತಿದ್ದೆ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ, ಪದದ ಅರ್ಥದ ಜೊತೆಗೆ ಅದು ವಾಕ್ಯದಲ್ಲಿ ಕೂರುವ ಬಗೆಯನ್ನೂ ತೋರಿಸುವ ನಿಘಂಟು ಕಟ್ಟಿದರು. ಅದು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಕಲಿಯುವವರಿಗಾಗಿ ಮಾಡುವ ನಿಘಂಟುಗಳಲ್ಲಿ ಇಂದಿಗೂ ನಾಮಪದದ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬಾಲಂಗೋಚಿ ಇರುತ್ತದೆ. 1986ರಲ್ಲಿ ಬಂದ ಬಿಬಿಐ (ಬೆನ್ಸನ್, ಬೆನ್ಸನ್, ಇಲ್ಸನ್) ಪದಸಂಯೋಜನೆ ನಿಘಂಟು ಇವುಗಳನ್ನೇ ಗುಂಪು ಮಾಡಿ, ನಾಮಪದದ ಹಿಂದೆ ಪ್ರಿಪೊಸಿಷನ್ ಬಂದರೆ ಜಿ1, ಇನ್ಫಿನಿಟಿವ್ ಬಂದರೆ ಜಿ2 ಎಂದು ಸಂಖ್ಯೆ ಕೊಟ್ಟಿದೆ. ಆ ದಪ್ಪಕ್ಷರ ಯಾವತ್ತೂ ನನ್ನ ಕಣ್ಣೆದುರಿಗೇ ಇತ್ತು. ಅಲಂಕಾರ ಅಂದುಕೊಂಡಿದ್ದೆ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಬರಿಯ ನಾಮಪದ ಬರೆಯುವುದಿಲ್ಲ. ಬಾಲಸಮೇತ, ಒಂದು ಪುಟ್ಟ ವಾಕ್ಯದೊಳಗೆ ಬರೆಯುತ್ತೇನೆ. ಮೊನ್ನೆ ಬಂದ ಕಡತದಲ್ಲಿ ಒಂದೇ ಗೆರೆ: ‘ಡಿಫಿಕಲ್ಟಿ ಟು ಅಂಡರ್‌ಸ್ಟ್ಯಾಂಡ್’. ‘ಡಿಫಿಕಲ್ಟ್ ಟು’ ಸರಿ, ‘ಡಿಫಿಕಲ್ಟಿ ಇನ್ ಅಂಡರ್‌ಸ್ಟ್ಯಾಂಡಿಂಗ್’ ಆಗಬೇಕಿತ್ತು. ಮನೆ ಬಿಟ್ಟು ಓಡಿದವರ ಪಟ್ಟಿಗೆ ಸೇರಿಸೋಣವೆಂದು ನೋಟ್‌ಬುಕ್ ತೆರೆದರೆ ಅಲ್ಲಿ ಅದು ಆಗಲೇ ಎರಡು ಸಲ ಇತ್ತು. ಮೂರನೆಯ ಸಲ ಬರೆದೆ.