ಕೋಲಾರದ ಒಣ ನೆಲದಲ್ಲಿ ವರ್ಟಿಕಲ್ ಆಂಟೆನಾ: ನನ್ನ ಅನುಭವ

ನಮ್ಮ ತೋಟ ಇರುವುದು ಕೋಲಾರದ ಅಂತರಗಂಗೆ ಬೆಟ್ಟದ ಕಡೆ. ಮೇಲೆ ಮೊಳದಷ್ಟು ಕೆಂಪು ಮಣ್ಣು, ಕೆಳಗೆ ಬಂಡೆ. ಇಲ್ಲಿ ಹ್ಯಾಮ್ ರೇಡಿಯೊದ 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು) ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆಂಟೆನಾ, ನಿಲ್ಲಿಸಲು ಹೊರಟಾಗ, ಕಂಬಕ್ಕಿಂತ ಜಾಸ್ತಿ ಯೋಚನೆ ಮಾಡಿದ್ದು ನೆಲದ ಬಗ್ಗೆ.

7.1 ಮೆಗಾಹರ್ಟ್ಸ್‌ಗೆ ಕಾಲು ತರಂಗ (ಅಲೆಯ ಉದ್ದದ ನಾಲ್ಕನೇ ಒಂದು ಭಾಗ) ಅಂದರೆ ಸುಮಾರು 10 ಮೀಟರ್ ತಂತಿ. ಅದು ಅರ್ಧ ಆಂಟೆನಾ ಅಷ್ಟೇ. ಉಳಿದರ್ಧ ನೆಲ. ಕರೆಂಟ್ ನೆಲದ ಮೂಲಕವೇ ಬುಡಕ್ಕೆ ವಾಪಸ್ ಬರಬೇಕು. ನೆಲ ಒಣಗಿದ್ದರೆ ಆ ದಾರಿಯಲ್ಲೇ ಪವರ್ ಶಾಖವಾಗಿ ಹೋಗುತ್ತದೆ. ನಷ್ಟವೇ ಇಲ್ಲದಿದ್ದರೆ ಬುಡದಲ್ಲಿ ಸುಮಾರು 36 ಓಮ್ ರೋಧ ಕಾಣಬೇಕು. ಅದರ ಮೇಲೆ ಕಾಣುವುದು ಹೆಚ್ಚುಕಡಿಮೆ ಮಣ್ಣಿನ ಪಾಲು.

ಆಂಟೆನಾ ನೋಡಲು ಬಂದ ಪಕ್ಕದ ಹೊಲದ ಯಜಮಾನರು, "ಬುಡಕ್ಕೆ ನಾಲ್ಕು ಬಿಂದಿಗೆ ನೀರು ಹುಯ್ದ್ರೆ ಆಗಲ್ವಾ ಸ್ವಾಮಿ?" ಅಂದರು. ಒಳ್ಳೆಯ ಪ್ರಶ್ನೆ. ಆದರೆ ಈ ಫ್ರೀಕ್ವೆನ್ಸಿಯಲ್ಲಿ ಒಣ ನೆಲದೊಳಗೆ ಕರೆಂಟ್ ಹಲವು ಮೀಟರ್ ಆಳಕ್ಕೆ ಇಳಿಯುತ್ತದೆ. ಮೇಲ್ಮಣ್ಣು ನೆಂದರೆ ಸಾಲದು. ಅರ್ಥಿಂಗ್ ರಾಡ್ ಕೂಡ ಈ ಕೆಲಸಕ್ಕೆ ಬಾರದು. ಅದು ಸಿಡಿಲಿಗೆ ಬೇಕೇ ಬೇಕು, ಆ ಮಾತು ಬೇರೆ.

ಇದಕ್ಕೆ ದಾರಿ ರೇಡಿಯಲ್ ತಂತಿಗಳು, ಅಂದರೆ ಬುಡದಿಂದ ಚಕ್ರದ ಕಡ್ಡಿಗಳಂತೆ ಸುತ್ತಲೂ ಹರಡುವ ತಂತಿಗಳು. ಕರೆಂಟ್ ಮಣ್ಣಿನ ಬದಲು ಇವುಗಳ ಮೂಲಕ ವಾಪಸ್ ಬರುತ್ತದೆ. ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ ತಂದೆ. 5 ಮೀಟರಿನ ತುಂಡು ಮಾಡಿ, ಬುಡದಿಂದ ಸುತ್ತಲೂ ನೆಲದ ಮೇಲೆ ಹರಡಿ ಗೂಟ ಹೊಡೆದೆ. ನೆಲಕ್ಕೆ ತಾಗಿದ ರೇಡಿಯಲ್‌ಗೆ ಉದ್ದ ಕರಾರುವಾಕ್ಕಾಗಿ ಇರಬೇಕಿಲ್ಲ. ಇರುವ ತಂತಿಯಲ್ಲಿ ನಾಲ್ಕೇ ಉದ್ದದವು ಹಾಕುವ ಬದಲು ಎಂಟು ಗಿಡ್ಡವು ಹಾಕುವುದು ಮೇಲು. ಬುಡದ ಹತ್ತಿರವೇ ಕರೆಂಟ್ ದಟ್ಟವಾಗಿರುತ್ತದೆ, ಅಲ್ವಾ?

8 ರೇಡಿಯಲ್ ಇದ್ದಾಗ ಅನಲೈಸರ್ (ಆಂಟೆನಾ ಅಳೆಯುವ ಉಪಕರಣ) ಬುಡದಲ್ಲಿ 62 ಓಮ್ ತೋರಿಸಿತು. 16ಕ್ಕೆ 50, 32ಕ್ಕೆ 42. ಇಲ್ಲೇ ಎಚ್ಚರ ಬೇಕು. ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾ 50 ಓಮಿನ ಕೇಬಲ್ಲಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ; 1 ಇದ್ದರೆ ಪೂರ್ತಿ ಹೊಂದಿಕೆ. ಎಸ್‌ಡಬ್ಲ್ಯೂಆರ್ ಮೊದಲು 1.2, ನಡುವೆ 1, ಕೊನೆಗೆ ಮತ್ತೆ 1.2! ಅದನ್ನೇ ನಂಬಿದವರು 16ಕ್ಕೆ ನಿಲ್ಲಿಸಿಬಿಡುತ್ತಾರೆ. 36ನ್ನು ಈ ಓಮ್‌ಗಳಿಂದ ಭಾಗಿಸಿ ನೋಡಿ: ದಕ್ಷತೆ ಸುಮಾರು ಶೇ. 58, 72, 86. ಅಂದರೆ ಎಸ್‌ಡಬ್ಲ್ಯೂಆರ್ ಅತಿ ಚೆನ್ನಾಗಿದ್ದಾಗಲೂ 100 ವ್ಯಾಟ್‌ನಲ್ಲಿ 28 ವ್ಯಾಟ್ ಮಣ್ಣಿಗೇ ಹೋಗುತ್ತಿತ್ತು. ಎಎಂ ಪ್ರಸಾರ ಕೇಂದ್ರಗಳು 120 ರೇಡಿಯಲ್ ಹೂಳುವ ಪದ್ಧತಿ 1937ರಲ್ಲಿ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಅಳತೆ ಮಾಡಿ ತೋರಿಸಿದ್ದರಿಂದ ಬಂದದ್ದು. ನಮಗೆ ಅಷ್ಟು ಬೇಡ, 32 ಸಾಕು.

ರೇಡಿಯಲ್‌ನಿಂದ ಸರಿಹೋಗದ್ದೂ ಒಂದಿದೆ. ಆಂಟೆನಾದಿಂದ ದೂರದಲ್ಲಿ ಅಲೆ ನೆಲಕ್ಕೆ ತಾಗಿ ಮೇಲೇಳುತ್ತದಲ್ಲ, ಆ ನೆಲ ನಮ್ಮ ಕೈಯಲ್ಲಿಲ್ಲ. ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್, ಒಣ ಕಲ್ಲುನೆಲದ್ದು 0.001ರ ಆಸುಪಾಸು. ಅದಕ್ಕೇ ಮಂಗಳೂರಿನ ಕಡಲ ದಂಡೆಯಲ್ಲಿ ಇದೇ ವರ್ಟಿಕಲ್ ತಗ್ಗು ಕೋನದಲ್ಲಿ (ದೂರದ ಸಂಪರ್ಕಕ್ಕೆ ಬೇಕಾದ ಕೋನ) ನಮಗಿಂತ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕೆರೆಗಳು ತುಂಬಿದರೂ ಆ ಲಾಭ ಸಿಗದು. ಸಿಹಿನೀರಿಗೆ ಉಪ್ಪುನೀರಿನ ವಾಹಕತೆ ಇಲ್ಲ.

ಗೂಟವೂ ಇಳಿಯದ ಬರೀ ಬಂಡೆ ಇರುವವರು ಬುಡವನ್ನೇ ಎರಡು ಮೂರು ಮೀಟರ್ ಎತ್ತರಿಸಿ, ನಾಲ್ಕು ರೇಡಿಯಲ್‌ಗಳನ್ನು ಗಾಳಿಯಲ್ಲಿ ಕಟ್ಟಿ ನೋಡಿ. ಅವು ಮಾತ್ರ ಅಳತೆಗೆ ಸರಿಯಾಗಿ ಕಾಲು ತರಂಗ ಇರಲೇಬೇಕು.