ಮಾಂಸ ಬೆಂದರೂ ಆಲೂಗೆಡ್ಡೆ ಬೇಯುತ್ತಿರಲಿಲ್ಲ

ಹಂದಿ ಮಾಂಸ, ಆಲೂಗೆಡ್ಡೆ, ಕ್ಯಾರೆಟ್, ಮೂಲಂಗಿ ಎಲ್ಲಾ ಒಂದೇ ಪಾತ್ರೆಯಲ್ಲಿ, ಕೊಡಗಿನ ಮಸಾಲೆ ಹಾಕಿ ಬೇಯಿಸುತ್ತೇನೆ. ಮಾಂಸ ಮೆತ್ತಗಾದರೂ ಆಲೂಗೆಡ್ಡೆಯ ನಡುಭಾಗ ಗಟ್ಟಿಯಾಗೇ ಉಳಿಯುತ್ತಿತ್ತು. ಕಾರಣ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿರಸ. ಹುಳಿ ಇದ್ದರೆ ತರಕಾರಿಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಬೇಗ ಕರಗುವುದಿಲ್ಲ, ಟೊಮೆಟೊ, ಹುಣಸೆಹಣ್ಣು ಜಾಸ್ತಿಯಾದರೂ ಇದೇ ಕಥೆ.

ಈಗ 1 ಕೆಜಿ ಮಾಂಸವನ್ನು ಕೊಬ್ಬು ತೆಗೆಯದೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಅರಿಶಿನ, ಉಪ್ಪಿನ ಜೊತೆ ಸಣ್ಣ ಉರಿಯಲ್ಲಿ ಸುಮಾರು 1 ಗಂಟೆ ಬೇಯಿಸಿ, ಆಮೇಲೆ ಗೆಡ್ಡೆಗಳನ್ನು ದೊಡ್ಡದಾಗಿ ಹೆಚ್ಚಿ ಹಾಕುತ್ತೇನೆ. ಎಣ್ಣೆ ಬೇಡ, ಆ ಕೊಬ್ಬೇ ಸಾಕಲ್ವಾ! ಚಾಕು ಸಲೀಸಾಗಿ ಇಳಿದ ಮೇಲೆ ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿ. ಕಾಚಂಪುಳಿ ಕಟ್ಟಕಡೆಗೆ, 2 ಸಣ್ಣ ಚಮಚ. ಐದು ನಿಮಿಷ ಕುದಿಸಿ ಇಳಿಸಿ. ಕುಕ್ಕರ್‌ನಲ್ಲೂ ಆಗುತ್ತದೆ, ಆದರೆ ಮೂಲಂಗಿ ಸುಮ್ನೆ ಕರಗಿಹೋಗುತ್ತದೆ.